ಮುಚ್ಚಳದ ಒಳಗಿನ ತಾರೀಖು

ಕೋರ್ಟಿನ ಗೇಟಿನ ಪಕ್ಕ ಟೈಪ್ ಮಾಡಿಕೊಡುವ ಅಂಗಡಿ ನನ್ನದು. ಪಕ್ಕದ್ದು ಗಡಿಯಾರ ರಿಪೇರಿಯವರದು. ಒಂದು ಕಣ್ಣಿಗೆ ಸದಾ ಮಸೂರ ಸಿಕ್ಕಿಸಿಕೊಂಡೇ ಇರುವುದರಿಂದ ಎಲ್ಲರ ಬಾಯಲ್ಲೂ ಅವರು ಮಸೂರದ ಮಾವ. ಟೀ ಕುಡಿಯುವಾಗಲೂ ತೆಗೆಯುವುದಿಲ್ಲ. "ಟೀಲಿ ಏನ್ ಹುಡುಕ್ತಿದ್ದೀರಿ ಮಾವ?" ಎಂದರೆ, "ಸಕ್ಕರೆ" ಎನ್ನುತ್ತಾರೆ.

ಅಂಥವರು ಒಂದು ದಿನ ಮಸೂರವಿಲ್ಲದೆ ಬಂದು ನನ್ನೆದುರು ಕೂತರು. ಕೈಯಲ್ಲಿ ಕೋರ್ಟಿನ ನೋಟಿಸು.

ವಿಷಯ ನನಗೆ ಗೊತ್ತಿತ್ತು. ನಿವೃತ್ತ ಟೀಚರಮ್ಮ ರಿಪೇರಿಗೆ ಕೊಟ್ಟಿದ್ದ, ತೀರಿಹೋದ ಗಂಡನ ಕೈಗಡಿಯಾರ ಮಾವನ ಮೇಜಿನಿಂದ ಮಾಯವಾಗಿತ್ತು. ವಾರದ ಮೇಲೆ ಎದುರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಕಾಣಿಸಿತು. ಮಾವ ದೂರು ಕೊಟ್ಟರು. ಅಂಗಡಿಯವನು, "ಇಂಥವು ಊರಲ್ಲಿ ಬೇಕಾದಷ್ಟಿವೆ, ಇದು ಹತ್ತು ವರ್ಷದಿಂದ ನನ್ನ ಹತ್ರಾನೇ ಇದೆ" ಎಂದ. ಪೊಲೀಸರು ಗಡಿಯಾರವನ್ನು ಠಾಣೆಗೆ ಒಯ್ದರು, ಎರಡು ತಿಂಗಳು ಓಡಾಡಿದರು, ಕೊನೆಗೆ ಅಪರಾಧವೇ ನಡೆದಿಲ್ಲವೆಂದು ವರದಿ ಬರೆದು ಕೈತೊಳೆದುಕೊಂಡರು. ಮಾವನೇ ಮಾರಿಕೊಂಡು ನಾಟಕವಾಡಿದರೆಂದು ಬೀದಿಯೆಲ್ಲ ಗುಸುಗುಸು. ಟೀಚರಮ್ಮ ಅವರಿಗೆ ಮುಖ ಕೊಟ್ಟು ಮಾತಾಡುವುದನ್ನೇ ಬಿಟ್ಟರು. ಮಾವನನ್ನು ತಿನ್ನುತ್ತಿದ್ದುದು ಅದೇ.

"ಪೊಲೀಸರೇ ಏನೂ ನಡೆದಿಲ್ಲ ಅಂದ್ಮೇಲೆ ಮುಗೀತಲ್ಲಮ್ಮ" ಎಂದರು ಮಾವ.

ನನಗೆ ರೇಗಿತು. "ಏನ್ ಮುಗಿಯೋದು? ಅವರು ಹೇಳಿದ್ದಕ್ಕೆಲ್ಲ ಮ್ಯಾಜಿಸ್ಟ್ರೇಟರು ಹೂಂ ಅನ್ನಲೇಬೇಕು ಅಂತೇನಿಲ್ಲ. ಒಪ್ಪಬಹುದು, ಇನ್ನೊಂದ್ಸಲ ತನಿಖೆ ಮಾಡಿ ಅನ್ನಬಹುದು, ನಿಮ್ಮ ಹೇಳಿಕೆ ಪಡೆದು ತಾವೇ ಕೇಸು ನಡೆಸಬಹುದು. ನಿಮ್ಮ ತಕರಾರು ಏನಿದೆ ಅಂತ ಕೇಳೋಕೇ ಈ ನೋಟಿಸು. ಅದೇ ಗಡಿಯಾರ ಅಂತ ನಿಮಗೆ ಹೇಗೆ ಗೊತ್ತು, ಅದನ್ನ ಹೇಳಿ."

ಮಾವ ನೋಟಿಸನ್ನು ಮಡಚತೊಡಗಿದರು. ನಾನು ಬಿಡುವವಳೇ? ಕೆದಕಿ ಕೆದಕಿ ಕೇಳಿದ ಮೇಲೆ ಹೊರಬಂತು. ರಿಪೇರಿಗೆ ಬಂದ ದಿನವೇ ಪ್ರತಿ ಗಡಿಯಾರದ ಹಿಂಬದಿಯ ಮುಚ್ಚಳದ ಒಳಗೆ ಅವರು ಸೂಜಿಯಿಂದ ತಾರೀಖನ್ನೂ ಒಂದು ಗುರುತನ್ನೂ ಗೀರುತ್ತಾರೆ. ಅದನ್ನು ಯಾರಿಗೂ ಹೇಳಬಾರದೆಂದು ಕೆಲಸ ಕಲಿಸಿದ ಅಪ್ಪ ಆಣೆ ಹಾಕಿಸಿದ್ದರಂತೆ. ಪುಣ್ಯಾತ್ಮ, ಪೊಲೀಸರಿಗೂ ಹೇಳಿರಲಿಲ್ಲ.

"ಗುರುತು ಗೊತ್ತಾದ್ರೆ ಯಾರು ಬೇಕಾದ್ರೂ ಕೆಟ್ಟ ಗಡಿಯಾರಕ್ಕೆ ಗೀರಿ, ನೀನೇ ಕೆಡಿಸಿದ್ದು ಅಂತ ತಂದಿಡ್ತಾರೆ."

"ಹೇಳದಿದ್ರೆ ಕಳ್ಳ ಅಂತಾರೆ" ಎಂದು ತಕರಾರು ಅರ್ಜಿ ಟೈಪ್ ಮಾಡಿದೆ.

ಮ್ಯಾಜಿಸ್ಟ್ರೇಟರು ಮಾವನಿಂದ ಪ್ರಮಾಣ ಮಾಡಿಸಿ ಎಲ್ಲ ಕೇಳಿದರು. ಆಣೆಯ ಸಂಗತಿ ಬಂದಾಗ ಮುಂದಕ್ಕೆ ಬಾಗಿದರು. "ಬಾಯಲ್ಲಿ ಹೇಳ್ಬೇಡಿ. ಚೀಟೀಲಿ ಬರೆದು ನನಗೆ ಕೊಡಿ." ಆಮೇಲೆ ಪೊಲೀಸರತ್ತ ತಿರುಗಿದರು. "ಗಡಿಯಾರ ಬಿಚ್ಚಿ ನೋಡಿದ್ರಾ?"

"ಇಲ್ಲ ಸ್ವಾಮಿ."

ಮುಂದಿನ ತಾರೀಖಿಗೆ ಗಡಿಯಾರ ಬಂತು. ಟೀಚರಮ್ಮನೂ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಬೇರೆ ಊರಿನ ರಿಪೇರಿಯವನೊಬ್ಬ ಮುಚ್ಚಳ ಬಿಚ್ಚಿದ. ಮ್ಯಾಜಿಸ್ಟ್ರೇಟರು ಮಾವನ ಮಸೂರವನ್ನೇ ಕೇಳಿ ಪಡೆದು ಮುಚ್ಚಳ ನೋಡಿದರು, ಚೀಟಿ ನೋಡಿದರು, ಮತ್ತೆ ಮುಚ್ಚಳ ನೋಡಿದರು. ಕುತೂಹಲ ತಡೆಯಲಾರದೆ ನನ್ನ ಕತ್ತು ಉದ್ದವಾಯಿತು.

"ಗುರುತು ಸರಿಯಾಗಿದೆ. ತಾರೀಖು ಈ ವರ್ಷದ್ದು. ಹತ್ತು ವರ್ಷದಿಂದ ಅಂಗಡೀಲಿದ್ದ ಗಡಿಯಾರಕ್ಕೆ ಇದು ಹೇಗೆ ಬಂತು?" ಪೊಲೀಸರ ವರದಿಯನ್ನು ತಿರಸ್ಕರಿಸಿ, ಅಂಗಡಿಯವನಿಗೆ ಸಮನ್ಸ್ ಕಳಿಸಲು ಹೇಳಿದರು. ಮುಚ್ಚಳದ ಫೋಟೊ ತೆಗೆಸಿ, ಕರೆದಾಗ ತರಬೇಕೆಂದು ಬರೆಸಿಕೊಂಡು ಗಡಿಯಾರವನ್ನು ಟೀಚರಮ್ಮನಿಗೆ ಕೊಡಿಸಿದರು. ಚೀಟಿಯನ್ನು ಲಕೋಟೆಗೆ ಹಾಕಿ ಮೊಹರು ಮಾಡಿದರು. ಆ ಗುರುತೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಹೊರಗೆ ಟೀಚರಮ್ಮ ನೆಟ್ಟಗೆ ಮಾವನ ಹತ್ತಿರ ಬಂದು ಗಡಿಯಾರವನ್ನು ಅವರ ಅಂಗೈಯಲ್ಲಿಟ್ಟರು.

"ಇನ್ನೂ ನಿಂತೇ ಇದೆ. ಯಾವಾಗ ಬರಲಿ?"

ಮಾವ ನೋಡಲೆಂದು ಮಸೂರವನ್ನು ಕಣ್ಣಿಗೆ ಸಿಕ್ಕಿಸಿದರು. ಕಣ್ಣು ತುಂಬಿದ್ದರಿಂದ ಅದು ನಿಲ್ಲಲಿಲ್ಲ.