ಆನೆಗೆಂದು ಕಾಪಿಟ್ಟ ಕೂಗು

ತಿಗನಾರೆಯ ಸಿದ್ದಯ್ಯನ ಗಂಟಲು ನೆಟ್ಟಗಿದ್ದ ಕಾಲದಲ್ಲಿ ಅವನು ಅಟ್ಟಣೆಯ ಮೇಲೆ ನಿಂತು ಒಂದು ಕೂಗು ಹಾಕಿದರೆ, ದಿಂಬಂ ಘಟ್ಟ ಹತ್ತುತ್ತಿದ್ದ ಲಾರಿಗಳು ಎದುರಿಗೆ ಸತ್ಯಮಂಗಲದ ಬಸ್ಸು ಬಂತೆಂದು ತಿರುವಿನಲ್ಲಿ ಪಕ್ಕಕ್ಕೆ ನಿಂತುಬಿಡುತ್ತಿದ್ದವು. ನಂಬದವರು ಲಾರಿಯವರನ್ನೇ ಕೇಳಬಹುದು. ಅವರೂ ನಂಬುವುದಿಲ್ಲ, ಅದು ಬೇರೆ ಮಾತು.

ಅವನ ಕಸುಬೇ ಅದು. ಬೇರೆಯವರ ರಾಗಿ, ಬೇರೆಯವರ ಜೋಳ. ಹೊಲದ ನಡುವಿನ ಮರದ ಮೇಲೆ ಬಿದಿರು ಕಟ್ಟಿದ ಅಟ್ಟಣೆಯಲ್ಲಿ ಕೂತು ಕಾಡಿನಿಂದ ಬರುವ ಆನೆ ಹಂದಿಗಳನ್ನು ಓಡಿಸುವುದು. ಉಳಿದ ಕಾವಲಿನವರು ಡಬ್ಬ ಬಡಿಯುತ್ತಿದ್ದರು, ಪಟಾಕಿ ಹಚ್ಚುತ್ತಿದ್ದರು. ಸಿದ್ದಯ್ಯನದು ಬರೀ ಗಂಟಲು. ಆನೆಯನ್ನು ಅವನು ಆನೆ ಎಂದು ಕರೆದವನಲ್ಲ, ದೊಡ್ಡಯ್ಯ ಎಂದೇ ಮರ್ಯಾದೆ ಕೊಟ್ಟು ಕೂಗುತ್ತಿದ್ದ: "ಓಗಪ್ಪೋ ದೊಡ್ಡಯ್ಯಾ... ಒಲ ನಂದಲ್ಲಾ... ಕೂಲಿ ನಂದೂ..." ಆನೆಗಳು ತನಗೆ ಹೆದರಿ ಹೋಗುತ್ತವೆಂದು ಅವನು ಯಾವತ್ತೂ ಹೇಳಿಕೊಂಡಿಲ್ಲ. ಬಡವನ ಕೂಲಿ ಕಳೆಯಬಾರದೆಂಬ ಕನಿಕರಕ್ಕೆ ಹೋಗುತ್ತವೆ ಎನ್ನುತ್ತಿದ್ದ.

ಮದುವೆಯಾಗಿದ್ದೂ ಈ ಕೂಗಿನಿಂದಲೇ. ಪಕ್ಕದ ಹೊಲದ ಅಟ್ಟಣೆಯಲ್ಲಿ ಮಂಚಮ್ಮ ತನ್ನ ಅಪ್ಪನ ಜೊತೆ ಕಾವಲಿಗೆ ಬರುತ್ತಿದ್ದಳು. ಒಂದು ದಿನ ಸಿದ್ದಯ್ಯ ಆನೆಯೇ ಇಲ್ಲದೆ ಸುಮ್ಮನೆ ಹುಮ್ಮಸ್ಸಿಗೆ ಕೂಗಿದಾಗ, ಅಪ್ಪ ಈಗ ತಾನೇ ಕಣ್ಣು ಮುಚ್ಚಿದ್ದಾನೆ, ಬಾಯಿ ಮುಚ್ಚು ಎಂದು ಅವಳು ಅಲ್ಲಿಂದಲೇ ತಿರುಗಿ ಕೂಗಿದಳು. ಆ ಕೂಗಿಗೆ ಅಪ್ಪ ಎದ್ದ, ಹೊಲದ ಹಂದಿಗಳು ಎದ್ದವು, ದೂರದ ತಾಳಮಲೆಯಲ್ಲಿ ಯಾರದೋ ಮನೆಯ ಕೋಳಿ ಬೆಳಗಾಯಿತೆಂದು ಕೂಗಿತು. ಮರುವಾರವೇ ಸಿದ್ದಯ್ಯ ಹೆಣ್ಣು ಕೇಳಲು ಹೋದ. ಅಂಥ ಗಂಟಲು ಎದುರಾಳಿಯಾಗಿರುವುದಕ್ಕಿಂತ ಮನೆಯಲ್ಲೇ ಇರುವುದು ಕ್ಷೇಮ ಎಂದು ಅವನಿಗೆ ತೋರಿತಂತೆ. ಆಮೇಲೆ ಅವನಿಗೆ ತನ್ನ ಅಭಿಪ್ರಾಯ ಬದಲಿಸಿಕೊಳ್ಳಲು ಸಾಕಷ್ಟು ಸಂದರ್ಭಗಳು ಒದಗಿದವು.

ಕೆಲವು ವರ್ಷಗಳ ಹಿಂದೆ ಊರಿನಾಚೆ, ಕಾಡಿನಂಚಿಗೆ, ಘಟ್ಟದ ಕೆಳಗಿನ ತಮಿಳು ಬಯಲುಸೀಮೆಯ ಒಂದು ಕ್ರೈಸ್ತ ಮಿಷನ್‌ನವರು ಜಮೀನು ಕೊಂಡು ಕ್ಯಾಂಪು ಕಟ್ಟಲು ಶುರುಮಾಡಿದರು. ರಜೆಯಲ್ಲಿ ಮಕ್ಕಳು ಬಂದು ಉಳಿಯುವ ಜಾಗ. ಹಾಡು, ಆಟ, ಪಾಠ, ಪ್ರಾರ್ಥನೆ. ಅದನ್ನು ನಡೆಸುತ್ತಿದ್ದವರು ಅಲ್ಲಿಯ ಗೋಬಿ ಎಂಬ ಊರಿನ ಕಡೆಯ ಪಾಸ್ಟರ್ ಧನರಾಜ್. ತಮಿಳಿನ ಮೇಲೆ ಕನ್ನಡವನ್ನು ತೆಳ್ಳಗೆ ಸವರಿ ಮಾತಾಡುವ ಸಾಧು ಮನುಷ್ಯ. ಅವರು ಕಾವಲುಗಾರನನ್ನು ಹುಡುಕಿಕೊಂಡು ಮನೆಗೆ ಬಂದಾಗ ಸಿದ್ದಯ್ಯ ಮೊದಲೇ ಹೇಳಿಬಿಟ್ಟ:

"ನಾನು ಮಾದಪ್ಪನ ಒಕ್ಕಲು ಕಣಯ್ಯಾ. ಅದ ಬುಡಕಾಗಲ್ಲ."

"ನಿಮ್ಮ ದೇವರು ನಿಮ್ಮ ಹತ್ತಿರವೇ ಇರಲಿ," ಎಂದರು ಪಾಸ್ಟರು. "ನಾನು ಕೇಳೋಕೆ ಬಂದಿರೋದು ನಿಮ್ಮ ಗಂಟಲು."

ಗಂಟಲಿನ ಮಾದರಿ ತೋರಿಸಲೆಂದು ಸಿದ್ದಯ್ಯ ಅಂಗಳದಲ್ಲಿ ನಿಂತು ಅರ್ಧ ಕೂಗು ಕೂಗಿದ. ಪಾಸ್ಟರ ಕನ್ನಡಕ ಮೂಗಿನಿಂದ ಇಳಿದು ಜೇಬಿನೊಳಗೆ ತಾನೇ ಹೋಗಿ ಕೂತಿತು. ಅಲ್ಲಿಗೆ ಕೆಲಸ ಖಾಯಂ. ಖಾಕಿ ಅಂಗಿ, ಟಾರ್ಚು, ಗೇಟಿನ ಬಳಿಯ ಹುಣಸೆಮರದಲ್ಲಿ ಹೊಸ ಅಟ್ಟಣೆ, ಮತ್ತು ತಿಂಗಳ ಸಂಬಳ. ಈ ಕೊನೆಯದೇ ದೊಡ್ಡದು. ಫಸಲು ಮನೆಗೆ ಹೋದ ಮೇಲೆ ಕಾವಲುಗಾರನನ್ನು ಯಾರೂ ಕೇಳುವುದಿಲ್ಲ; ಅರ್ಧ ವರ್ಷ ಸಿದ್ದಯ್ಯ ಕಲ್ಲು ಹೊರಬೇಕಿತ್ತು, ಕಬ್ಬು ಕಡಿಯಬೇಕಿತ್ತು. ಈ ವಯಸ್ಸಿಗೆ ಮತ್ತೆ ಅಲ್ಲಿಗೆ ಹೋಗುವ ಮೈ ಅವನಲ್ಲಿ ಉಳಿದಿರಲಿಲ್ಲ.

ಹೋದ ವರ್ಷ ದೀಪಾವಳಿಯಾದ ಮೇಲಿನ ಚಳಿಯಲ್ಲಿ ಜ್ವರ ಬಂತು. ಜ್ವರ ಇಳಿಯಿತು, ಇಳಿಯುವಾಗ ಗಂಟಲನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಕೂಗಲು ಬಾಯಿ ತೆರೆದರೆ ಒಲೆ ಊದುವ ಕೊಳವೆಯಿಂದ ಬರುವಂಥ ಗಾಳಿ. ಮಂಚಮ್ಮ ಕಾಯಿಸಿ ಕುಡಿಸಿದ ಮೆಣಸಿನ ಕಷಾಯದಲ್ಲಿ ಒಂದು ಕೆರೆ ತುಂಬಬಹುದಿತ್ತು. ತಾಳವಾಡಿಯ ಡಾಕ್ಟರು ಬಾಯಿಗೆ ಬೆಳಕು ಬಿಟ್ಟು ನೋಡಿ, ಬರಬಹುದು, ಬರದೆಯೂ ಇರಬಹುದು ಎಂದರು. ಅಷ್ಟನ್ನು ತಾನೂ ಹೇಳುತ್ತಿದ್ದೆನಲ್ಲ ಎಂದುಕೊಂಡು ಸಿದ್ದಯ್ಯ ಮನೆಗೆ ಬಂದ.

"ಪಾಸ್ಟ್ರಯ್ಯನಿಗ ಏಳ್ಬುಡು," ಎಂದಳು ಮಂಚಮ್ಮ. "ಒಳ್ಳೆ ಮನ್ಸ. ತಿಂದಾಕ್ಬುಟ್ಟಾರಾ?"

"ಗಂಟ್ಲು ನೋಡಿ ಕೆಲ್ಸ ಕೊಟ್ಟವ್ರೆ ಕಣಮ್ಮಿ," ಸಿದ್ದಯ್ಯ ಪಿಸುಗುಟ್ಟಿದ. "ಗಂಟ್ಲು ಇಲ್ಲಾಂದ್ಮೇಲ ನನ್ನ ಮಕ ನೋಡಿ ಮಡಿಕಂಡಾರಾ?"

"ಮಕ ನೋಡಿ ಮಡಿಕಂಡವ್ಳು ನಾನೊಬ್ಳೆ," ಎಂದು ಮಂಚಮ್ಮ ಒಲೆಯ ಕಡೆ ತಿರುಗಿದಳು.

ಹೀಗೆ ಸಿದ್ದಯ್ಯ ಮುಚ್ಚಿಡಲು ನಿಶ್ಚಯಿಸಿದ. ಯಾಕೆ ಇಷ್ಟು ಮೆಲ್ಲಗೆ ಮಾತಾಡುತ್ತೀಯೆಂದು ಕೇಳಿದವರಿಗೆ, ಆನೆಗೆಂದು ಕಾಪಿಟ್ಟ ಕೂಗನ್ನು ಮನುಷ್ಯರ ಮೇಲೆ ಖರ್ಚು ಮಾಡಬಾರದು ಎಂದು ಪಿಸುಗುಟ್ಟುತ್ತಿದ್ದ. ಅದೃಷ್ಟಕ್ಕೆ ಆ ದಿನಗಳಲ್ಲಿ ಆನೆ ಕ್ಯಾಂಪಿನ ಕಡೆ ತಲೆ ಹಾಕಲಿಲ್ಲ.

ಆಗ ಬಂದರು ಸ್ವಯಂಸೇವಕರು. ಡೆನ್ಮಾರ್ಕ್ ಎಂಬ ದೇಶದಿಂದ ಕೆಲವರು, ಕೊಯಮತ್ತೂರಿನ ಕಾಲೇಜಿನಿಂದ ಕೆಲವರು. ತಮ್ಮ ಖರ್ಚಿನಲ್ಲೇ ಬಂದು, ಊಟದ ಹಾಲ್ ಕಟ್ಟಲು ಇಟ್ಟಿಗೆ ಹೊರುತ್ತೇವೆ ಎಂದರು. ದುಡ್ಡು ಕೊಟ್ಟು ಇಟ್ಟಿಗೆ ಹೊರುವ ಜನರನ್ನು ತಿಗನಾರೆ ಅದುವರೆಗೆ ಕಂಡಿರಲಿಲ್ಲ. ನೋಡಲು ಊರಿಗೆ ಊರೇ ಬೇಲಿಯ ಹತ್ತಿರ ನಿಂತಿತು. ಬಿಸಿಲಿಗೆ ಅವರ ಮುಖಗಳು ಎಷ್ಟು ಕೆಂಪಾದವೆಂದರೆ, ಅಲ್ಲಿ ಮೇಯುತ್ತಿದ್ದ ಒಂದು ಹೋರಿ ಗಾಬರಿಗೊಂಡು ಚಾಮರಾಜನಗರದ ಬಸ್ಸು ಹತ್ತಿತು. ರಾಗಿಮುದ್ದೆಯನ್ನು ನುಂಗಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ, ಅಗಿಯುತ್ತಾ ಕೂತರು. ಮಧ್ಯಾಹ್ನದ ಮುದ್ದೆ ಮುಗಿಯುವಷ್ಟರಲ್ಲಿ ರಾತ್ರಿಯ ಮುದ್ದೆ ಬೆಂದಿತ್ತು. ಆದರೆ ಅಂಗೈಗೆ ಬೊಬ್ಬೆ ಬಂದರೂ ಒಬ್ಬರೂ ಇಟ್ಟಿಗೆ ಬಿಡಲಿಲ್ಲ. ಸಿದ್ದಯ್ಯನಿಗೆ ಅವರ ಮೇಲೆ ಅಕ್ಕರೆ ಹುಟ್ಟಿತು. ಅದರಲ್ಲೂ ಲೀನಾ ಎಂಬ ಉದ್ದನೆಯ ಹುಡುಗಿಯ ಮೇಲೆ. ಅವಳ ಊರಿನ ಚರ್ಚಿನಲ್ಲಿ ಹಾಡುವವರಿಗೆಲ್ಲ ಅವಳೇ ಮುಂದಾಳಂತೆ. ಇಟ್ಟಿಗೆ ಕೈಯಿಂದ ಕೈಗೆ ದಾಟುವುದೂ ಅವಳ ತಾಳಕ್ಕೇ ನಡೆಯುತ್ತಿತ್ತು.

ಸಿದ್ದಯ್ಯನ ಪಿಸುಮಾತನ್ನು ಪಾಸ್ಟರು ಬೇರೆಯೇ ಬಗೆಯಾಗಿ ತಿಳಿದಿದ್ದರು. ದೇವರ ಕೆಲಸ ನಡೆಯುವ ಜಾಗ ಎಂಬ ಭಯಭಕ್ತಿಯಿಂದ ಈ ಮನುಷ್ಯ ದನಿ ಎತ್ತುವುದಿಲ್ಲ ಎಂದು ಬಂದವರಿಗೆಲ್ಲ ಹೇಳಿದರು. ಕೇಳಿ ನಾಚಿಕೊಂಡ ಹುಡುಗರು ತಾವೂ ಪಿಸುಗುಟ್ಟಲು ಶುರುಮಾಡಿದರು. ಮೇಸ್ತ್ರಿಯೂ ಗಾರೆ ಎಂದು ಪಿಸುಗುಟ್ಟಿದ. ಎರಡು ದಿನ ಆ ಕಟ್ಟಡ ಕಳ್ಳರು ಕಟ್ಟುತ್ತಿರುವಂತೆ ಸದ್ದಿಲ್ಲದೆ ಎದ್ದಿತು.

ಮೋಸ ಹೋಗದವನು ಒಬ್ಬನೇ, ಕ್ಯಾಂಪಿಗೆ ಅಂಟಿದ ಹೊಲದ ಪ್ರಭುಸ್ವಾಮಿ. ಹಂದಿಗಳು ಅವನ ಜೋಳಕ್ಕೆ ನುಗ್ಗಿದ ದಿನ ಹುಣಸೆಮರದಿಂದ ಒಂದು ಕೆಮ್ಮೂ ಕೇಳಿರಲಿಲ್ಲ. ಜೊತೆಗೆ, ಕೆಲಸವಿಲ್ಲದ ಬಾಮೈದ ಮಣಿಕಂಠ ಅವನ ಮನೆಯ ಜಗುಲಿಯಲ್ಲಿ ಬಹಳ ದಿನದಿಂದ ಬೇರು ಬಿಟ್ಟಿದ್ದ. ಪ್ರಭುಸ್ವಾಮಿ ಪಾಸ್ಟರ ಹತ್ತಿರ ಹೋಗಿ, ನಿಮ್ಮ ಕಾವಲುಗಾರ ಕೊನೆಯ ಸಲ ಕೂಗಿದ್ದನ್ನು ಕೇಳಿದ್ದು ಯಾವಾಗ ಎಂದು ನಯವಾಗಿ ವಿಚಾರಿಸಿದ. ಪಾಸ್ಟರಿಗೆ ಅದರೊಳಗಿನ ಮುಳ್ಳು ತಿಳಿಯಲಿಲ್ಲ. ಒಳ್ಳೆಯ ಯೋಚನೆ, ಭಾನುವಾರ ಸಂಜೆ ಹಾಲ್ ಪ್ರತಿಷ್ಠೆ ಇದೆ, ಪ್ರಾರ್ಥನೆ ಮುಗಿದ ಮೇಲೆ ಸಿದ್ದಯ್ಯನವರು ಎಲ್ಲರೆದುರಿಗೆ ಒಮ್ಮೆ ಕೂಗಲಿ, ಹುಡುಗರಿಗೂ ಕೇಳುವ ಆಸೆಯಿದೆ ಎಂದು ಸಂತೋಷಪಟ್ಟರು. ಮಣಿಕಂಠನ ಅಂಗಿ ಇಸ್ತ್ರಿಗೆ ಹೋಯಿತು.

ಸಿದ್ದಯ್ಯನಿಗೆ ಮುದ್ದೆ ಇಳಿಯದಂತಾಯಿತು. ಮರುದಿನ ಅವನು ಲೀನಾಳನ್ನೂ ಹುಡುಗರನ್ನೂ ಗೋಡೆಯ ಹಿಂದೆ ಕೂಡಿಸಿಕೊಂಡು, ಸೃಷ್ಟಿಯಾದಂದಿನಿಂದ ಯಾರೂ ಕೇಳಿರದ ಒಂದು ಸಂಪ್ರದಾಯವನ್ನು ಅಲ್ಲೇ ಹುಟ್ಟಿಸಿದ. ಈ ಸೀಮೆಯಲ್ಲಿ ಹೊಸ ಮನೆಯ ಮೊದಲ ಕಾವಲು ಕೂಗನ್ನು ಬಂದ ನೆಂಟರೇ ಕೂಗಬೇಕು. ಕಾವಲುಗಾರ ಟವಲು ಎತ್ತಿ ಸನ್ನೆ ಮಾಡುತ್ತಾನೆ, ಅಷ್ಟೇ. ಕೊಯಮತ್ತೂರಿನ ಹುಡುಗರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಲೀನಾಳ ಕಣ್ಣು ತುಂಬಿ ಬಂತು. ಎಷ್ಟು ಸುಂದರವಾದ ಪದ್ಧತಿ ಎಂದಳು. ಪಿಸುದನಿಯಲ್ಲೇ ಒಂದೊಂದು ಸಾಲನ್ನು ಕಲಿತು, ಅವಳು ಕೂಗನ್ನು ಮೂರು ದನಿಗಳಿಗೆ ಹಂಚಿದಳು. ಗಂಡು ಹುಡುಗರ ಒಂದು ಗುಂಪಿಗೆ ದೊಡ್ಡಯ್ಯ, ಇನ್ನೊಂದಕ್ಕೆ ಹೊಲ, ಹೆಣ್ಣುಮಕ್ಕಳಿಗೆ ಕೂಲಿ. ಟವಲು ಮೇಲೆದ್ದರೆ ಕೂಗು, ಇಳಿದರೆ ನಿಲುಗಡೆ. ಸಿದ್ದಯ್ಯನಿಗೆ ಆ ರಾತ್ರಿ ನಿದ್ದೆ ಬಂತು.

ಭಾನುವಾರ ಮಧ್ಯಾಹ್ನ ಗೋಬಿಯಿಂದ ಒಂದು ವ್ಯಾನು ಬಂತು. ಅದರಿಂದ ಇಳಿದದ್ದನ್ನು ಕಂಡು ಸಿದ್ದಯ್ಯನ ಕೂದಲು ನೆಟ್ಟಗಾಯಿತು. ಗೊನೆ ಸಮೇತ ಎರಡು ಬಾಳೆಗಿಡ. ಬಯಲುಸೀಮೆಯಲ್ಲಿ ಬಾಗಿಲಿಗೆ ಬಾಳೆ ಕಟ್ಟದೆ ಯಾವ ಶುಭಕಾರ್ಯವೂ ಇಲ್ಲ. ಹಿಂದೂಗಳಾಗಲಿ, ಕ್ರೈಸ್ತರಾಗಲಿ. ಪಾಸ್ಟರು ಖುದ್ದು ನಿಂತು ಗೇಟಿನ ಎರಡು ಕಡೆ ಕಟ್ಟಿಸಿದರು. ಹಣ್ಣಾಗಿ ಹಳದಿ ತಿರುಗಿದ ಗೊನೆಗಳ ವಾಸನೆ ಗಾಳಿಯಲ್ಲಿ ಕಾಡಿನ ಕಡೆಗೆ ಹೊರಟಿತು. ಕಾಡಿನಂಚಿನಲ್ಲಿ ಅಂಥದ್ದನ್ನು ಕಟ್ಟುವುದೂ ಆನೆಗಳ ಮನೆಮನೆಗೆ ಹೋಗಿ ಕುಂಕುಮವಿಟ್ಟು ಕರೆಯುವುದೂ ಒಂದೇ.

ಸಿದ್ದಯ್ಯ ಹೇಳಲು ಓಡಿದ. ಜನರೇಟರು ಗುಡುಗುತ್ತಿತ್ತು, ಮೈಕಿನವನು ಹಲೋ ಹಲೋ ಎನ್ನುತ್ತಿದ್ದ. ಬಾಳೆ ಬೇಡ ಕಣಯ್ಯಾ ಎಂದು ಅವನು ಉಸಿರುಬಿಟ್ಟದ್ದು ಅವನ ಮೀಸೆಯನ್ನೂ ದಾಟಲಿಲ್ಲ. ಇವನು ಶುಭ ಹಾರೈಸುತ್ತಿದ್ದಾನೆಂದು ತಿಳಿದು ಪಾಸ್ಟರು ಕೈ ಮುಗಿದು, ತಟ್ಟೆಯಿಂದ ಒಂದು ಜಿಲೇಬಿ ತೆಗೆದು ಅವನ ಕೈಯಲ್ಲಿಟ್ಟರು. ಬೇರೆಯವರಿಂದ ಹೇಳಿಸಬಹುದಿತ್ತು. ಹೇಳಿಸಿದರೆ, ನೀನೇ ಯಾಕೆ ಕೂಗಿ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಸಂಜೆಯ ಒಂದಿಷ್ಟು ಹೊತ್ತು ತಾನೇ, ಮುಗಿದ ಕೂಡಲೇ ಬಿಚ್ಚಿದರಾಯಿತು ಎಂದು ಸಿದ್ದಯ್ಯ ಜಿಲೇಬಿ ತಿಂದ. ಅದು ಅವನ ಬಾಯಿಗೆ ಬೇವಿನಂತಿತ್ತು.

ಹೊತ್ತು ಮುಳುಗುವ ಮುಂಚೆ ಪ್ರಾರ್ಥನೆ ಮುಗಿಯಿತು. ಹಾಲ್‌ನ ಮೆಟ್ಟಿಲ ಮೇಲೆ ಹುಡುಗರು ಸಾಲಾಗಿ ನಿಂತರು. ಮುಂದಿನ ಕುರ್ಚಿಯಲ್ಲಿ ಪ್ರಭುಸ್ವಾಮಿ, ಪಕ್ಕದಲ್ಲಿ ಇಸ್ತ್ರಿಯಾದ ಮಣಿಕಂಠ. ಪಾಸ್ಟರು ಮೈಕಿನಲ್ಲಿ ಸಿದ್ದಯ್ಯನ ಹೆಸರು ಹೇಳಿ ಜನರೇಟರನ್ನು ನಿಲ್ಲಿಸಿದರು. ಸಿದ್ದಯ್ಯ ಟವಲು ಹೆಗಲಿಗೆ ಹಾಕಿಕೊಂಡು ಅಟ್ಟಣೆ ಹತ್ತಿದ. ಮೇಲೆ ನಿಂತು ಗೇಟಿನಾಚೆ ನೋಡಿದ. ಲಂಟಾನ ಪೊದೆ ಎರಡಾಗಿ ಸೀಳಿತು, ನಡುವಿನಿಂದ ಒಂಟಿ ಸಲಗ ಹೊರಬಂತು. ಅದರ ಎತ್ತರಕ್ಕೆ ಹುಣಸೆಮರ ತುಸು ಬಾಗಿ ದಾರಿ ಬಿಟ್ಟಿತು ಎಂದು ಈಗಲೂ ಹೇಳುವವರಿದ್ದಾರೆ. ಅದು ಯಾರನ್ನೂ ನೋಡದೆ, ಕರೆದವರ ಮನೆಗೆ ಬರುವ ಬೀಗರಂತೆ ನೇರ ಬಾಳೆಯ ಕಡೆ ನಡೆಯಿತು.

ಸಿದ್ದಯ್ಯ ಎಲ್ಲವನ್ನೂ ಮರೆತ. ಸಂಬಳ ಮರೆತ, ಮಣಿಕಂಠನನ್ನು ಮರೆತ, ಗಂಟಲು ಹೋಗಿದೆಯೆಂಬುದನ್ನೂ ಮರೆತ. ಇಡೀ ಜೀವಮಾನ ಮಾಡಿದಂತೆ ಎದೆ ತುಂಬ ಗಾಳಿ ಎಳೆದು ಬಾಯಿ ತೆರೆದ. ಬರೀ ಗಾಳಿಯೇ ಬಂತು. ಇನ್ನೇನೂ ತೋಚದೆ ಟವಲನ್ನು ಮೇಲೆತ್ತಿದ.

ಮೆಟ್ಟಿಲ ಮೇಲಿಂದ ಕೂಗು ಎದ್ದಿತು. ದೊಡ್ಡಯ್ಯ ಕೆಳದನಿಯಲ್ಲಿ, ಹೊಲ ಅದರ ಮೇಲೆ, ಕೂಲಿ ಎಲ್ಲಕ್ಕೂ ಮೇಲೆ. ಲೀನಾ ಬೆನ್ನು ಗೇಟಿಗೆ ಮಾಡಿ ಕೈಯಾಡಿಸುತ್ತಿದ್ದಳು, ಆನೆ ಬಂದದ್ದು ಅವಳಿಗೆ ತಿಳಿದಿರಲಿಲ್ಲ. ಹುಡುಗರಿಗೆ ತಿಳಿದಿತ್ತು. ಅದಕ್ಕೇ ಕೂಗು ಅಭ್ಯಾಸದಲ್ಲಿ ಬಂದದ್ದಕ್ಕಿಂತ ಬಹಳ ಚೆನ್ನಾಗಿ ಬಂತು. ಸಲಗ ನಿಂತಿತು, ಕಿವಿ ಅಗಲಿಸಿತು. ಇಷ್ಟು ವರ್ಷದಲ್ಲಿ ಅದನ್ನು ಯಾರೂ ರಾಗವಾಗಿ ಓಡಿಸಿರಲಿಲ್ಲ. ಪ್ರಭುಸ್ವಾಮಿಯೂ ಮಣಿಕಂಠನೂ ಅಷ್ಟರಲ್ಲಿ ಅಡುಗೆಮನೆಯ ಸೌದೆಯ ಹಿಂದಿದ್ದರು.

ಅದೇ ಅಡುಗೆಮನೆಯಲ್ಲಿ ಪಾಯಸ ಬಡಿಸಲು ಬಂದಿದ್ದ ಮಂಚಮ್ಮ ಬಾಗಿಲಿಗೆ ಬಂದು ನೋಡಿದಳು. ಅಟ್ಟಣೆಯ ಮೇಲೆ ಗಂಡ ಟವಲು ಎತ್ತಿ ಬಾಯಿ ತೆರೆದು ನಿಂತಿದ್ದಾನೆ. ಅವಳು ಸೌಟನ್ನು ಕೆಳಗಿಟ್ಟಳು.

"ಓಗಪ್ಪೋ ದೊಡ್ಡಯ್ಯಾ..."

ಹುಡುಗರ ಮೂರೂ ದನಿಗಳು ಅದರಡಿ ಮುಚ್ಚಿಹೋದವು. ಮೈಕು ಆಫ್ ಆಗಿದ್ದರೂ ಕಿರ್ರೆಂದಿತು. ಸಲಗ ಒಂದು ಬಾಳೆಗಿಡವನ್ನು ಗೊನೆ ಸಮೇತ ಕಿತ್ತು, ಸೊಂಡಿಲಲ್ಲಿ ಸುತ್ತಿಕೊಂಡು, ಬಂದ ದಾರಿಯಲ್ಲೇ ತಿರುಗಿತು. ಹೆದರಿತೋ, ಕರೆದವರು ಕೊಟ್ಟಷ್ಟು ಸಾಕೆಂದುಕೊಂಡಿತೋ ಹೇಳುವವರು ಯಾರು.

ಮೊದಲು ಮಾತು ಬಂದದ್ದು ಪ್ರಭುಸ್ವಾಮಿಗೆ. "ನೋಡುದ್ರಾ ಅಯ್ಯಾ? ಎಲ್ರೂ ಕೂಗುದ್ರು, ಇವ್ನೊಬ್ಬ ಕೂಗ್ನಿಲ್ಲ."

ಸಿದ್ದಯ್ಯ ಕೆಳಗಿಳಿದು ಪಾಸ್ಟರ ಮುಂದೆ ನಿಂತ. ಜನರೇಟರಿನ ಸದ್ದಿರಲಿಲ್ಲ. ಆದರೂ ಪಾಸ್ಟರು ಕಿವಿಯನ್ನು ಅವನ ಬಾಯಿಯ ಹತ್ತಿರಕ್ಕೆ ತಂದರು.

"ಜರ ಬಂದಾಗ್ಲೆ ನನ್ನ ಗಂಟ್ಲು ಓಯ್ತು ಕಣಯ್ಯಾ. ಸಂಬ್ಳ ಓಯ್ತದಲ್ಲಾ ಅಂತ ಏಳ್ನಿಲ್ಲ. ಈ ಮಕ್ಳಿಗೂ ಸುಳ್ಳು ಏಳ್ದಿ." ಅಂಗಿಯ ಗುಂಡಿ ಬಿಚ್ಚಲು ಶುರುಮಾಡಿದ, ಖಾಕಿಯನ್ನು ಅಲ್ಲೇ ಕೊಟ್ಟುಬಿಡುವವನಂತೆ.

ಪಾಸ್ಟರು ಗೇಟಿನಲ್ಲಿ ಉಳಿದ ಒಂಟಿ ಬಾಳೆಯ ಕಡೆ ತಿರುಗಿದರು. "ಮಧ್ಯಾಹ್ನ ನೀವು ಬಂದದ್ದು ಬಾಳೆ ಬೇಡ ಅಂತ ಹೇಳೋಕೆ, ಅಲ್ಲವಾ?"

ಸಿದ್ದಯ್ಯ ಹೌದೆಂದು ತಲೆಯಾಡಿಸಿದ.

"ನಾನು ಜಿಲೇಬಿ ಕೊಟ್ಟೆ," ಎಂದರು ಪಾಸ್ಟರು. ಅವರ ಮುಖದಲ್ಲಿ ನಗು ಬರಲೋ ಬೇಡವೋ ಎಂದು ಹೊಯ್ದಾಡಿ, ಕೊನೆಗೆ ಬಂದೇಬಿಟ್ಟಿತು. "ಗುಂಡಿ ಹಾಕಿಕೊಳ್ಳಿ. ಆನೇನ ಮೊದಲು ಕಂಡಿದ್ದು ನೀವು. ಕಣ್ಣು ಇದೆ. ಆಮೇಲೆ ಒಂದು ಕೂಗು ಬಂತಲ್ಲ, ಅದು ಯಾರದು?"

"ನನ್ನ ಎಂಡ್ರುದು," ಸಿದ್ದಯ್ಯ ಪಿಸುಗುಟ್ಟಿದ. ಗುಂಡಿ ಹಾಕಿಕೊಂಡು, "ನಾನೇ ಕಲ್ಸಿದ್ದು," ಎಂದು ಸೇರಿಸಿದ.

ಹೀಗೆ ಕ್ಯಾಂಪಿಗೆ ಗಂಟಲು ಬೇರೆ, ಕಣ್ಣು ಬೇರೆ ಆಯಿತು. ಕೆಲಸಕ್ಕೆ ಕೇಳಿದಾಗ ಮಂಚಮ್ಮ, ಮಾದಪ್ಪನ ಸೋಮವಾರ ತನಗೆ ರಜೆ ಬೇಕೆಂದಳು, ಗಂಡನ ಸಂಬಳದಲ್ಲಿ ಪಾಲು ಬೇಡ, ತನ್ನದು ಬೇರೆಯಾಗಿ ತನ್ನ ಕೈಗೇ ಬರಬೇಕೆಂದಳು, ಗೇಟಿಗೆ ಇನ್ನು ಮಾವಿನ ಎಲೆ ಮಾತ್ರ ಎಂದಳು. ಮೂರಕ್ಕೂ ಪಾಸ್ಟರು ಒಪ್ಪಿದರು. ಮಣಿಕಂಠ ಈಗಲೂ ಜಗುಲಿಯಲ್ಲಿದ್ದಾನೆ. ಲೀನಾ ಹೊರಡುವಾಗ, ಆ ಸಂಪ್ರದಾಯ ಸುಳ್ಳೆಂದು ತಿಳಿದೂ, ಕೂಗನ್ನು ತನ್ನ ಊರಿಗೆ ಒಯ್ದಳು. ಅಲ್ಲಿ ಚರ್ಚಿನಲ್ಲಿ ಅದನ್ನು ಹಾಡುತ್ತಾರಂತೆ. ಅಂದಿನಿಂದ ಆ ದೇಶದಲ್ಲಿ ಒಂದು ಆನೆಯೂ ಹೊಲಕ್ಕೆ ನುಗ್ಗಿಲ್ಲವೆಂದು ಸಿದ್ದಯ್ಯ ಹೆಮ್ಮೆಯಿಂದ ಪಿಸುಗುಟ್ಟುತ್ತಾನೆ.

ಹೊಸ ಸ್ವಯಂಸೇವಕರು ಬಂದಾಗ ಗಂಡಹೆಂಡಿರಿಬ್ಬರೂ ಅಟ್ಟಣೆ ಹತ್ತಿ ಕೂಗಿನ ಮಾದರಿ ತೋರಿಸುತ್ತಾರೆ. ತಾನು ಟವಲು ಎತ್ತದೆ ಅವಳು ಬಾಯಿ ತೆರೆಯುವಂತಿಲ್ಲ ಎಂದು ಸಿದ್ದಯ್ಯ ಎಲ್ಲರಿಗೂ ಮೊದಲೇ ತಿಳಿಸಿರುತ್ತಾನೆ. ಮಂಚಮ್ಮ ತನಗೆ ತೋಚಿದಾಗ ಕೂಗುತ್ತಾಳೆ. ಹೆಗಲಿನ ಟವಲು ಅದಾದ ಮೇಲೆ ಗಡಿಬಿಡಿಯಲ್ಲಿ ಮೇಲೇಳುತ್ತದೆ.