ಮೆಲ್ಲ, ಮೆಲ್ಲ

ನಮ್ಮ ಲ್ಯಾಬ್ ಅಸಿಸ್ಟೆಂಟ್ ಕೊಳವೆಯ ಜೊತೆ ಮಾತಾಡುತ್ತಿದ್ದರು. ದೋಹಾದ ಆ ಲ್ಯಾಬಿನಲ್ಲಿ ಪ್ಲಾಸ್ಟಿಕ್ ಕೊಳವೆಯೇ ರಕ್ತನಾಳ, ಕೆಂಪು ನೀರೇ ರಕ್ತ. ಒಳಗೆ ಹೃದಯಕ್ಕೆ ಹಾಕುವಂಥ ಸ್ಟೆಂಟ್, ಅದಕ್ಕಂಟಿದ ವೈರ್‌ಲೆಸ್ ಸೆನ್ಸರ್. ಹರಿವು ಕಡಿಮೆಯಾದರೆ, ನಾನು ಪ್ರೋಗ್ರಾಂ ಬರೆದ ಹೊರಗಿನ ಪುಟ್ಟ ಯಂತ್ರ ಕೂಗಬೇಕು. ಸ್ಕ್ರೂ ತಿರುಗಿಸಿ ಕೊಳವೆಯನ್ನು ಬಿಗಿಸುವುದು ಉಳ್ಳಾಲದ ಕಡೆಯ ಈ ಹಿರಿಯರ ಕೆಲಸ. ಉಸಿರು ಹಿಡಿದು, "ಮೆಲ್ಲ, ಮೆಲ್ಲ" ಎನ್ನುತ್ತಿದ್ದರು. ನನಗೆ ರೇಗುತ್ತಿತ್ತು.

ಒಂದು ಬುಧವಾರ ನಾನೇ ಸ್ಕ್ರೂವನ್ನು ಒಮ್ಮೆಗೇ ಬಿಗಿಸಿಬಿಟ್ಟೆ. ಯಂತ್ರ ಕೂಗಿತು.

"ಖಲಾಸ್, ಕೆಲಸ ಮುಗೀತು!" ಎಂದೆ.

"ಹಾಗಲ್ಲ ಮೇಡಂ. ನಾಳೆ ಒಂದು ದಿವಸ ನನಗೆ ಬಿಡಿ," ಎಂದರು.

ಮರುದಿನ ಬೆಳಿಗ್ಗೆಯಿಂದ ಆಗಾಗ ಎದ್ದು, ಕೂದಲೆಳೆಯಷ್ಟೇ ತಿರುಗಿಸಿದರು. ನಡುವೆ ಸುಲೈಮಾನಿ ಚಹಾ ಕುಡಿದರು, ನಮಾಜು ಮುಗಿಸಿ ಬಂದರು. ಸಂಜೆಗೆ ಕೆಂಪು ನೀರು ತೊಟ್ಟಿಕ್ಕತೊಡಗಿತು. ಯಂತ್ರ ಮಾತ್ರ ಸುಮ್ಮನಿತ್ತು. ಮೆಲ್ಲಗೆ ಆದ ಬದಲಾವಣೆಯನ್ನೆಲ್ಲ ಅದು ಸಹಜವೆಂದೇ ತಿಳಿದಿತ್ತು. ಹಾಗೆ ತಿಳಿಯಲು ಕಲಿಸಿದವಳು ನಾನೇ.

"ಇದು ನಿಮಗೆ ಹೇಗೆ ಹೊಳೆಯಿತು?" ಎಂದು ಕೇಳಿದೆ.

ಅವರು ಅಂಗಿಯ ಮೇಲೆ ಎಡ ಎದೆಗೆ ಬೆರಳಿಟ್ಟರು. "ಇಲ್ಲಿ ಎರಡು ಸ್ಟೆಂಟ್ ಉಂಟು ಮೇಡಂ. ಒಂದು ಪುನಃ ಬ್ಲಾಕ್ ಆಗಿತ್ತು. ನನಗೆ ಗೊತ್ತೇ ಆಗ್ಲಿಲ್ಲ. ಮೆಟ್ಟಿಲು ಹತ್ತುವಾಗ ದಮ್ಮು ಕಟ್ಟಿದ್ರೆ, ವಯಸ್ಸಾಯ್ತು ಅಂತ ಎಣಿಸಿದ್ದೆ."

ಹೇಳಿ, ಸ್ಕ್ರೂ ಸಡಿಲಿಸತೊಡಗಿದರು, ಅದನ್ನೂ ಮೆಲ್ಲಗೆ.

"ಯಲ್ಲಾ, ಬನ್ನಿ ಮೇಡಂ, ಶುರುವಿನಿಂದ ಮಾಡುವ."