ಆನ್‌ಲೈನಿನಲ್ಲಿ ಸತ್ತ ಮಾಸ್ತರ

ಇವತ್ತು ಬೆಳಿಗ್ಗೆ ಫೋನು ತಾನಾಗಿಯೇ ಒಂದು ಹಳೆಯ ಫೋಟೊ ತೆಗೆದು ತೋರಿಸಿತು. ತಲೆಗೆ ಹಸಿರು ಟವೆಲ್, ಕಿವಿಗೆ ಕರಿಬೇವು, ಎರಡೂ ಕೈ ಆಕಾಶಕ್ಕೆ. ಮಂಗನಲ್ಲ, ನಾನೇ. ಲಾಕ್‌ಡೌನಿನಲ್ಲಿ ಗಡಿಯಾಚೆ ಮಹಾರಾಷ್ಟ್ರದ ಇಚಲಕರಂಜಿಯ ಬಾಡಿಗೆ ಖೋಲಿಯಿಂದ ಕನ್ನಡ ಶಾಲೆಯ ಒಂದನೇ ತರಗತಿಗೆ ಪಾಠ ಹೇಳುತ್ತಿದ್ದ ಮಾಸ್ತರ.

ನೀವು ಎಂದಾದರೂ ಫೋನಿನೊಳಗಿನ ಮಕ್ಕಳಿಗೆ ಕಲಿಸಿದ್ದೀರಾ? ಒಬ್ಬ ಊಟಕ್ಕೆ ಎದ್ದು ಹೋಗುತ್ತಾನೆ. ಇನ್ನೊಬ್ಬ ಫೋನನ್ನು ಅಂಗಾತ ಮಲಗಿಸಿ ಆಡಲು ಓಡುತ್ತಾನೆ. ಯಾರದೋ ಮನೆಯ ಮೇಲಿನ ತಗಡಿಗೆ ನಾನು ಅರ್ಧ ಗಂಟೆ ಅಕ್ಷರ ಕಲಿಸಿದ್ದುಂಟು. ಆ ತಗಡು ಈಗ ಚೆನ್ನಾಗಿ ಓದುತ್ತಿರಬೇಕು.

ಪಾಠದ ಮೊದಲ ಶಬ್ದ 'ಮರ'. ನಮ್ಮ ಕಡೆ ಯಾರ ಬಾಯಲ್ಲೂ ಮರವಿಲ್ಲ, ಎಲ್ಲವೂ ಗಿಡವೇ. ಮರಾಠಿಯಲ್ಲಾದರೋ ಮರ ಅಂದರೆ ಸಾಯಿ. ಪಕ್ಕದ ಊರು ಕೊರೋಚಿಯ ಹುಡುಗಿ ಸವಿತಾ ಗಾಬರಿಯಾಗಿ ಕೇಳಿದಳು: "ಯಾರ್ ಸಾಯಬೇಕ್ರಿ ಸರ?"

"ನಾನ" ಎಂದು ಧೊಪ್ಪನೆ ಬಿದ್ದೆ. ಪರದೆಯ ತುಂಬ ನಗು. ಎದ್ದು ಹೋದವರೆಲ್ಲ ತಿರುಗಿ ಬಂದರು. ಮರುದಿನದಿಂದ ಅದೇ ನನ್ನ ಕಸುಬಾಯಿತು. 'ಮರ' ಬಂದರೆ ಕೈ ಎತ್ತಿ ನಿಂತು ಸಾಯುವುದು, 'ಬಸವ' ಬಂದರೆ ಗುಟುರು ಹಾಕುವುದು. ಕೆಳಗಿನ ಮನೆಯ ಆಯಿ ಡಾಕ್ಟರರನ್ನು ಕರೆಸಲೇ ಎಂದು ಕೇಳಿದರು. ಸವಿತಾ ಒಂದು ದಿನವೂ ತಪ್ಪಿಸಲಿಲ್ಲ. ಅವಳ ಅವ್ವ ಶಾಂತವ್ವ ಫೋನನ್ನು ಮಗಳಿಗೆ ಬಿಟ್ಟು ಮಗ್ಗದ ಶೆಡ್ಡಿಗೆ ಹೋಗುತ್ತಿದ್ದಳು.

ಶಾಲೆಗಳು ತೆರೆದಾಗ ಶಾಂತವ್ವನಿಗೆ ಒಂದೇ ಆಸೆ. ಗಡಹಿಂಗ್ಲಜದ ಕನ್ನಡ ವಸತಿ ಶಾಲೆಯಲ್ಲಿ ಮಗಳಿಗೆ ಜಾಗ ಸಿಗಬೇಕು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಜಾಗ ತಪ್ಪಿದರೆ ಹುಡುಗಿಯೂ ಶೆಡ್ಡಿನಲ್ಲೇ ನೂಲು ಸುತ್ತುತ್ತ ಬೆಳೆಯಬೇಕು. ನನ್ನ ಶಿಷ್ಯೆಯಲ್ಲವೇ, ಇಸ್ತ್ರಿ ಅಂಗಿ ಹಾಕಿಕೊಂಡು ನಾನೂ ಹೋದೆ.

ಅಲ್ಲಿ ಪಾಠ ಹೇಳುವ ಬಾಯಾರು 'ಮರ' ಎಂದು ಬರೆದ ಚೀಟಿ ತೋರಿಸಿ ಓದು ಎಂದರು. ಸವಿತಾ ನನ್ನ ಮುಖ ನೋಡಿದಳು. ಇನ್ನೊಂದು ತೋರಿಸಿದರು. ನಾನು ಕೈ ಎತ್ತುತ್ತೇನೋ, ಗುಟುರು ಹಾಕುತ್ತೇನೋ ಎಂದು ಕಾದು ಮತ್ತೆ ನನ್ನನ್ನೇ ನೋಡಿದಳು. ಅಷ್ಟು ದಿನವೂ ಹುಡುಗಿ ಓದಿದ್ದು ನನ್ನ ಮೈಯನ್ನು. ಜಾಗ ಸಿಗಲಿಲ್ಲ.

ತಿರುಗಿ ಬರುವಾಗ ಬಸ್ಸು ಕಾಗಲ ದಾಟಿತು. ಶಾಂತವ್ವ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದಳು: "ದಿನಾ ಭಾಳ ನಗತಿದ್ಲರಿ ಸರ. ನಾ ಕಲಿಯಾಕತ್ಯಾಳ ಅನ್ಕೊಂಡಿದ್ನಿ."

ಸವಿತಾ ನನ್ನ ತೋಳು ಜಗ್ಗಿದಳು. "ಇವತ್ತ ಯಾಕ ಬೀಳಲಿಲ್ರಿ ನೀವು?"

ಈಗ ನನ್ನ ತರಗತಿ ಬಹಳ ಜಡ ಎಂದು ತಪಾಸಣೆಗೆ ಬಂದ ಸಾಹೇಬರು ಷರಾ ಬರೆಯುತ್ತಾರೆ. ಬರೆಯಲಿ. ಮಕ್ಕಳು ಆಕಳಿಸುತ್ತಾರೆ, ಆಕಳಿಸುತ್ತಲೇ ಬೆರಳಿಟ್ಟು ಓದುತ್ತಾರೆ. ಶಾಲೆಗೆ ಕೊರೋಚಿಯ ಶೆಡ್ಡುಗಳ ಮುಂದಿನ ದಾರಿ ಹತ್ತಿರ. ನಾನು ಸುತ್ತು ಹಾಕಿಕೊಂಡು ಹೋಗುತ್ತೇನೆ.